ಮೊದಲು ನೀರು, ಆಮೇಲೆ ದರ

ಕೇಳುಗರಿಗೆಲ್ಲ ನಮಸ್ಕಾರ.

ಈಗ ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಸಿಪ್ಪೆ ಬಿಡಿಸುತ್ತಾ ರೇಡಿಯೊ ಕೇಳುತ್ತಿರುವ ಅಕ್ಕಂದಿರು ಇದ್ದೀರಿ ಅಲ್ವಾ? ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಿಮ್ಮ ಹತ್ತಿರ. ನಿಲಯದವರು ಇವತ್ತಿನ ಮಾತಿಗೆ ದೊಡ್ಡ ಹೆಸರು ಕೊಟ್ಟಿದ್ದಾರೆ: ‘ಭಾರತ ಮತ್ತು ಐವರಿ ಕೋಸ್ಟ್, ರಾಜತಾಂತ್ರಿಕ ಹಾಗೂ ವಾಣಿಜ್ಯ ಸಂಬಂಧಗಳು’. ಹೆಸರು ಕೇಳಿ ರೇಡಿಯೊ ಆಫ್ ಮಾಡಬೇಡಿ. ಇದು ನಿಮ್ಮ ಕೈಯಲ್ಲಿರುವ ಬೀಜದ ಕತೆ.

ನಮ್ಮ ಗುಡ್ಡಗಳಲ್ಲಿ ಬೆಳೆಯುವ ಗೇರುಬೀಜ ನಮ್ಮ ಕಾರ್ಖಾನೆಗಳಿಗೆ ಸಾಕಾಗುವುದಿಲ್ಲ. ಉಳಿದದ್ದು ಹಡಗಿನಲ್ಲಿ ಬರಬೇಕು. ಎಲ್ಲಿಂದ? ‘ಆಫ್ರಿಕಾದಿಂದ’ ಅನ್ನುತ್ತಾರೆ. ಆಫ್ರಿಕಾ ಅಂದರೆ ಒಂದು ಊರಾ? ಐವತ್ತಕ್ಕೂ ಹೆಚ್ಚು ದೇಶಗಳಿವೆ ಅಲ್ಲಿ. ದಯವಿಟ್ಟು ದೇಶದ ಹೆಸರು ಹೇಳಿ. ಘಾನಾ, ಗಿನಿ ಬಿಸ್ಸಾವು, ಇವೆಲ್ಲ ಬೀಜ ಕಳಿಸುವ ದೇಶಗಳೇ. ಬೆನಿನ್ ಕೂಡ 2024ರವರೆಗೆ ಕಳಿಸುತ್ತಿತ್ತು. ಇವಕ್ಕೆಲ್ಲ ದೊಡ್ಡಣ್ಣ ಐವರಿ ಕೋಸ್ಟ್. 2022ರಲ್ಲಿ ಅಲ್ಲಿನ ಬೆಳೆ 10 ಲಕ್ಷ ಟನ್ ದಾಟಿತು. ಅಷ್ಟು ಗೇರು ಬೆಳೆಯುವ ದೇಶ ಪ್ರಪಂಚದಲ್ಲಿ ಇನ್ನೊಂದಿಲ್ಲ. ತಮಾಷೆ ನೋಡಿ, ಅದರ ಉತ್ತರ ಭಾಗದಲ್ಲಿ ಗೇರು ನೆಟ್ಟದ್ದು ಬೀಜದ ಆಸೆಗಲ್ಲ, ಮಣ್ಣು ಕೊಚ್ಚಿಹೋಗದೆ ನಿಲ್ಲಲಿ ಅಂತ. ನಮ್ಮ ಬೋಳುಗುಡ್ಡಗಳಲ್ಲೂ ಹಾಗೇ ಅಲ್ವಾ ಶುರುವಾದದ್ದು?

ಸರಿ, ಈಗ ನನ್ನದೇ ಒಂದು ಪೆದ್ದುತನದ ಕತೆ.

2013ರ ಬೇಸಿಗೆ. ಐವರಿ ಕೋಸ್ಟ್‌ನ ಒಳಜಗಳ ಮುಗಿದು ಎರಡು ವರ್ಷವಾಗಿತ್ತು. ಒಂದು ಕಂಪನಿಯವರು ನನ್ನನ್ನು ಬೀಜದ ಗುಣಮಟ್ಟ ನೋಡೋಕೆ ಕಳಿಸಿದ್ದರು. ಅಬಿಜಾನ್ ಬಂದರಿನಿಂದ ಬುವಾಕೆ ಅನ್ನುವ ಊರಿಗೆ ಸುಮಾರು 350 ಕಿಲೋಮೀಟರ್. ಬೆಳಿಗ್ಗೆ ಹೊರಟು ಮಧ್ಯಾಹ್ನ ಒಬ್ಬ ಯಜಮಾನರ ಮನೆ ಮುಟ್ಟಿದೆವು. ಅಂಗಳದ ತುಂಬ ಬೀಜ ಒಣಗಲು ಹಾಕಿದ್ದರು, ನಮ್ಮಲ್ಲಿ ಅಡಿಕೆ ಹಾಕುತ್ತೇವಲ್ಲ, ಹಾಗೆ. ಮಾವಿನ ಮರದ ನೆರಳಲ್ಲಿ ಕುರ್ಚಿ ಹಾಕಿದರು. ಒಬ್ಬಳು ಹುಡುಗಿ ಲೋಟದಲ್ಲಿ ನೀರು ತಂದಳು.

ನಾನು ಕೈ ಅಲ್ಲಾಡಿಸಿ ಬೇಡ ಅಂದೆ. ಊರಿಂದ ಹೊರಡುವಾಗ ಎಲ್ಲರೂ ‘ಕಂಡಕಂಡಲ್ಲಿ ನೀರು ಕುಡಿಯಬೇಡ’ ಅಂತ ಹೆದರಿಸಿದ್ದರು. ಕುರ್ಚಿಯಲ್ಲೂ ಕೂರಲಿಲ್ಲ. ಚೀಲದಿಂದ ಕತ್ತರಿಸುವ ಸಾಮಾನು ತೆಗೆದು ಸೀದಾ ಕೇಳಿದೆ: ಎಷ್ಟು ಟನ್ ಇದೆ, ದರ ಎಷ್ಟು?

ಯಜಮಾನರು ಮಾತಾಡಲಿಲ್ಲ. ನನ್ನ ಡ್ರೈವರ್ ಮುಖ ನೋಡಿದರು. ಡ್ರೈವರ್ ನೆಲ ನೋಡಿದ.

ನಾನು ಕೆಲಸ ಶುರು ಮಾಡಿದೆ. ಒಂದು ಕಿಲೋ ಬೀಜ ತೂಗಿ, ಒಂದೊಂದಾಗಿ ಕತ್ತರಿಸಿ, ಒಳ್ಳೆಯದು, ಚುಕ್ಕಿ ಬಿದ್ದದ್ದು, ಪೊಳ್ಳು ಅಂತ ಬೇರೆ ಮಾಡಿ ಲೆಕ್ಕ ಹಾಕಿದೆ. ಈ ವ್ಯಾಪಾರದಲ್ಲಿ ಲೆಕ್ಕ ಒಂದೇ: 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಅಂತ. 49 ಬಂತು! ಆ ಕಡೆಗೆ 47, 48 ಬಂದರೇ ಖುಷಿ. ನನಗೆ ಕುಣಿಯುವ ಹಾಗಾಯಿತು. ಒಳ್ಳೆ ದರವನ್ನೇ ಹೇಳಿದೆ. ಯಜಮಾನರು ‘ನಾಳೆ ನೋಡೋಣ’ ಅಂದರು. ಮರುದಿನ ಹೋದರೆ ಅಂಗಳ ಖಾಲಿ. ಅಷ್ಟೂ ಮಾಲು ಬೇರೆಯವರ ಲಾರಿ ಹತ್ತಿತ್ತು. ಅದೂ ನಾನು ಹೇಳಿದ ದರಕ್ಕೇ!

ವಾಪಸ್ ಬರುವಾಗ ಡ್ರೈವರ್ ಬಾಯಿ ಬಿಟ್ಟ. ಅಲ್ಲಿ ಯಾರ ಮನೆಗೆ ಹೋದರೂ ಮೊದಲು ಕೂರಿಸುತ್ತಾರೆ. ಆಮೇಲೆ ನೀರು. ನೀರು ಕುಡಿದ ಮೇಲೆ ಮನೆಯವರು ‘ಇಲ್ಲಿ ಎಲ್ಲ ಕ್ಷೇಮ, ನಿಮ್ಮ ಕಡೆ ಏನು ಸುದ್ದಿ?’ ಅಂತ ಕೇಳುತ್ತಾರೆ. ಆಗ ಮಾತ್ರ ಬಂದವರು ಬಂದ ಕಾರಣ ಹೇಳಬೇಕು. ಫ್ರೆಂಚ್‌ನಲ್ಲಿ ಅದಕ್ಕೆ ‘ನುವೆಲ್’ ಕೇಳುವುದು ಅನ್ನುತ್ತಾರೆ. ನುವೆಲ್ ಅಂದರೆ ಸುದ್ದಿ. ನೀರು ಬೇಡ ಅಂದವನ ಹತ್ತಿರ ಸುದ್ದಿ ಏನು ಕೇಳುವುದು?

ನನಗೆ ನನ್ನ ಅಜ್ಜಿ ನೆನಪಾದರು. ನಮ್ಮ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು. ಅದನ್ನು ಕುಡಿದು ಲೋಟ ಕೆಳಗಿಡುವವರೆಗೆ ‘ಏನು ಬಂದದ್ದು?’ ಅಂತ ಯಾರೂ ಕೇಳುವ ಹಾಗಿಲ್ಲ. ಅಂಥ ಮನೆಯಲ್ಲಿ ಬೆಳೆದವನು ನಾನು. ಅಜ್ಜಿ ಇದ್ದಿದ್ದರೆ ಸೌಟಲ್ಲಿ ಹೊಡೆಯುತ್ತಿದ್ದರು.

ಮುಂದಿನ ವರ್ಷ ಮತ್ತೆ ಹೋದೆ. ಕೂತೆ. ಲೋಟ ಬಾಯಿಗೆ ಮುಟ್ಟಿಸಿದೆ. ಮಳೆ, ಮಕ್ಕಳು, ದಾರಿ, ಎಲ್ಲ ಮಾತಾಡಿದೆವು. ಒಂದು ಗಂಟೆ ಹೋಯಿತು. ಯಜಮಾನರು ನಕ್ಕು ಹುಡುಗಿಯನ್ನು ಕರೆದು ‘ನೀರು ಬೇಡ ಅಂದವನು ಬಂದಿದ್ದಾನೆ’ ಅಂದರಂತೆ. ಆ ಸಲ ಬೀಜ ಸಿಕ್ಕಿತು. ಆಮೇಲೆ ಪ್ರತಿ ವರ್ಷ ಸಿಕ್ಕಿತು.

ಹಾಗಾಗಿ ನಾನು ಹೇಳುವುದು ಇಷ್ಟೇ. ಮೊದಲು ನೀರು, ಆಮೇಲೆ ಸುದ್ದಿ, ಆಮೇಲೆ ದರ. ದೇಶ ದೇಶಗಳ ನಡುವೆಯೂ ಇದೇ. ರಾಯಭಾರ ಕಚೇರಿ ಅಂದರೆ ಏನು? ಕುರ್ಚಿ ಹಾಕಿ ಕೂರುವುದು. ಐವರಿ ಕೋಸ್ಟ್ ಸ್ವತಂತ್ರವಾದದ್ದು 1960ರಲ್ಲಿ. ನಾವು ಅಬಿಜಾನ್‌ನಲ್ಲಿ ಕಚೇರಿ ತೆರೆದದ್ದು 1979ರಲ್ಲಿ. ಅವರು ದೆಹಲಿಯಲ್ಲಿ ತೆರೆದದ್ದು 2004ರಲ್ಲಿ. ಕೂರೋಕೇ ಅಷ್ಟು ವರ್ಷ! ಅದೇ 2004ರಲ್ಲಿ ಭಾರತ ಐವರಿ ಕೋಸ್ಟ್ ಸೇರಿ ಆಫ್ರಿಕಾದ ಎಂಟು ದೇಶಗಳನ್ನು ಸೇರಿಸಿಕೊಂಡು ‘ಟೀಮ್-9’ ಅಂತ ಮಾಡಿ, 50 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಐವರಿ ಕೋಸ್ಟ್‌ನ ಗ್ರಾಂ ಬಸ್ಸಾಮ್ ಊರಿನಲ್ಲಿ ಮಹಾತ್ಮ ಗಾಂಧಿ ಹೆಸರಿನ ಐಟಿ ಪಾರ್ಕ್ ಇರುವುದೂ ನಮ್ಮ ಸಾಲದಿಂದಲೇ. 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅಲ್ಲಿಗೆ ಹೋಗಿ ಬಂದರು. ಇವೆಲ್ಲ ನೀರು ಕುಡಿಯುವ ಕೆಲಸ.

ಅಕ್ಕಿಯ ವಿಷಯ ಹೇಳಲೇಬೇಕು. ಅವರದ್ದೂ ಅನ್ನದ ಊಟ, ಅಕ್ಕಿ ಹೊರಗಿಂದ ತರಿಸುತ್ತಾರೆ, ನಮ್ಮಿಂದಲೂ. 2023ರ ಜುಲೈಯಲ್ಲಿ ನಮ್ಮ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆದರೆ ಅಕ್ಟೋಬರ್‌ನಲ್ಲಿ ಕೆಲವು ದೇಶಗಳಿಗೆ ಬಾಗಿಲು ತೆರೆಯಿತು. ಐವರಿ ಕೋಸ್ಟ್‌ಗೆ 1.42 ಲಕ್ಷ ಟನ್. ಅಲ್ಲಿಂದ ಬೀಜ, ಇಲ್ಲಿಂದ ಅಕ್ಕಿ. ಅಷ್ಟೇ ವ್ಯಾಪಾರ ಅಲ್ಲ, ಔಷಧಿ, ಗಾಡಿ ಎಲ್ಲ ಇದೆ, ಆದರೆ ನನಗೆ ಗೊತ್ತಿರುವುದು ಬೀಜ.

ಸುಂಕದ ಬಗ್ಗೆ ಉದ್ದಕ್ಕೆ ಹೇಳಬೇಕಂತಿದ್ದೆ. ಸಮಯ ಎಲ್ಲಿದೆ! ತೀರಾ ಬಡ ದೇಶ ಅಂತ ಬೆನಿನ್ ಬೀಜಕ್ಕೆ ನಮ್ಮಲ್ಲಿ ಸುಂಕವಿರಲಿಲ್ಲ, ಐವರಿ ಕೋಸ್ಟ್ ಬೀಜಕ್ಕೆ ಇತ್ತು. 2018ರ ಬಜೆಟ್‌ನಲ್ಲಿ ಅದನ್ನು 5ರಿಂದ ಶೇಕಡ 2.5ಕ್ಕೆ ಇಳಿಸಿದರು.

ಇನ್ನೊಂದು ಮಾತು, ಇದು ನಿಮಗೆ ಇಷ್ಟವಾಗಲಿಕ್ಕಿಲ್ಲ. ಐವರಿ ಕೋಸ್ಟ್‌ನವರು ಈಗ ಬೀಜವನ್ನು ತಾವೇ ಸುಲಿಯುತ್ತಿದ್ದಾರೆ. ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ 2006ರಲ್ಲೇ ನಮ್ಮನ್ನು ದಾಟಿತ್ತು, ಈಗ ಇವರೂ ದಾಟಿದ್ದಾರೆ. ‘ಅವರು ಬೀಜ ಕೊಡುವುದಿಲ್ಲ’ ಅಂತ ನಮ್ಮ ವ್ಯಾಪಾರಿಗಳು ಸುಮ್ನೆ ವಾಟ್ಸಾಪ್‌ನಲ್ಲಿ ಗೊಣಗುತ್ತಾರೆ. ಬೀಜ ಅವರದ್ದು ಸ್ವಾಮಿ! ಸುಲಿಯುವ ಆಸೆ ಅವರಿಗಿರಬಾರದಾ? ಗೊಣಗುವವರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿ ಕೂತಿದ್ದೀರಿ? ನಮ್ಮಲ್ಲಿ ಸುಲಿಯುವ ಯಂತ್ರ ಮಾಡುವವರಿದ್ದಾರೆ, ಕಲಿಸಬಲ್ಲ ಕೈಗಳಿವೆ. ಅದನ್ನೂ ತೆಗೆದುಕೊಂಡು ಹೋಗಬಹುದಲ್ಲ?

ಸ್ಟುಡಿಯೊ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಮುಗಿಸಬೇಕು. ಫೆಬ್ರವರಿಯಲ್ಲಿ ಅಲ್ಲಿ ಬೀಜದ ಕಾಲ ಶುರು. ನನ್ನ ಪರಿಚಯದ ಇಬ್ಬರು ಹುಡುಗರು ಮೊದಲ ಸಲ ಹೊರಟಿದ್ದಾರೆ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಆ ಹಳದಿ ಪುಸ್ತಕ ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ ಅಂತ ಹೇಳಿದ್ದೇನೆ. ಬುವಾಕೆಯ ಆ ಮನೆಗೆ ಹೋದರೆ ಏನು ಮಾಡಬೇಕು ಅಂತಲೂ ಹೇಳಿದ್ದೇನೆ. ನಮಸ್ಕಾರ.