ಹುಡುಗ ಪರ್ಮನೆಂಟಾ?

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ದೊಡ್ಡ ಕಂಪನಿಯ ಕೆಲಸದ ಬಗ್ಗೆ.

ಬೆಂಗಳೂರಿನ ಜಾಲಹಳ್ಳಿ, ದೂರವಾಣಿನಗರ, ವಿಮಾನಪುರದ ಕಡೆ ಹಳಬರನ್ನು ಮಾತಾಡಿಸಿ ನೋಡಿ. ‘ನಾನು ಎಚ್‌ಎಎಲ್’, ‘ನಮ್ಮ ಯಜಮಾನ್ರು ಐಟಿಐ’ ಅಂತಲೇ ಮಾತು ಶುರುವಾಗುತ್ತದೆ. ಇವೆಲ್ಲ ಸರ್ಕಾರಿ ಕಾರ್ಖಾನೆಗಳು: ಎಚ್‌ಎಎಲ್ ವಿಮಾನದ್ದು, ಐಟಿಐ ಟೆಲಿಫೋನಿನದು, ಎಚ್‌ಎಂಟಿ ಯಂತ್ರ ಮತ್ತು ವಾಚಿನದು, ಬಿಇಎಲ್ ಎಲೆಕ್ಟ್ರಾನಿಕ್ಸಿನದು. ಎಚ್‌ಎಎಲ್ ಬಂದದ್ದು 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಹುಡುಗ ಇವುಗಳಲ್ಲಿ ಒಂದರಲ್ಲಿ ಪರ್ಮನೆಂಟು ಅಂದರೆ ಸಾಕು, ಜಾತಕ ಕೈಗೆ ಬರುವ ಮೊದಲೇ ಹೆಣ್ಣಿನ ಕಡೆಯವರು ಅರ್ಧ ಒಪ್ಪಿರುತ್ತಿದ್ದರು.

ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಕ್ವಾರ್ಟರ್ಸು, ಮಕ್ಕಳಿಗೆ ಸ್ಕೂಲು, ಕಾಯಿಲೆ ಬಿದ್ದರೆ ಆಸ್ಪತ್ರೆ, ಬೆಳಗಿನ ಶಿಫ್ಟಿಗೆ ಫ್ಯಾಕ್ಟರಿ ಬಸ್ಸು, ತಂಗಿಯ ಮದುವೆಗೆ ಸೊಸೈಟಿ ಸಾಲ. ಸಂಬಳದ ಚೀಟಿ ತೋರಿಸಿದರೆ ಬ್ಯಾಂಕಿನವರು ಕುರ್ಚಿ ಎಳೆದು ಕೂರಿಸುತ್ತಾರೆ. ಇದೇ ಸಂಬಳ ಸಣ್ಣ ವರ್ಕ್‌ಶಾಪಿನಲ್ಲಿ ಬರುತ್ತಿದ್ದರೆ ಜಾಮೀನುದಾರ ಯಾರು ಅಂತ ಕೇಳುತ್ತಾರೆ.

ಕೆಲಸ ಬಿಡುವಾಗ ಕೈಗೆ ಬರುವ ಇಡುಗಂಟು, ಗ್ರಾಚುಯಿಟಿಯನ್ನೇ ನೋಡಿ. 1972ರ ಕಾಯ್ದೆ ಹಾಕಿಕೊಟ್ಟ ಲೆಕ್ಕ ಇದು: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸರ್ವೀಸಿನ ವರ್ಷಗಳಿಂದ ಗುಣಿಸಬೇಕು. 26 ಸಾವಿರ ಇದ್ದವನು ಇಪ್ಪತ್ತು ವರ್ಷ ದುಡಿದರೆ ಮೂರು ಲಕ್ಷ. ದೊಡ್ಡ ಮೊತ್ತವೇನಲ್ಲ, ನಿಜ. ಆದರೆ ಕೇಳದೆಯೇ ಕೈಸೇರುತ್ತದೆ. ಸಣ್ಣ ಕಡೆ ದುಡಿದವರಲ್ಲಿ ಇದೇ ದುಡ್ಡಿಗೆ ಮಾಲೀಕರ ಮನೆ ಬಾಗಿಲಿಗೆ ಅಲೆದವರಿದ್ದಾರೆ.

ಇನ್ನು ಕೆಲಸದ ಮಾತು. ಕಂಪನಿ ದೊಡ್ಡದಾದಷ್ಟೂ ಒಬ್ಬೊಬ್ಬನ ಪಾಲಿಗೆ ಬರುವ ಕೆಲಸ ಸಣ್ಣದಾಗುತ್ತಾ ಹೋಗುತ್ತದೆ. ಗೇರ್ ಹಲ್ಲು ಕೊಯ್ಯುವ ಮೆಷಿನ್ನಿಗೆ ನಿಂತವನು ವರ್ಷಗಟ್ಟಲೆ ಹಲ್ಲನ್ನೇ ಕೊಯ್ಯುತ್ತಾನೆ. ಅದು ಯಾವ ಯಂತ್ರಕ್ಕೆ ಕೂರುತ್ತದೆ, ಗಿರಾಕಿ ಯಾರು, ಎಷ್ಟಕ್ಕೆ ಮಾರಾಟವಾಯಿತು, ಒಂದೂ ಅವನಿಗೆ ಗೊತ್ತಾಗುವುದಿಲ್ಲ. ಇತ್ತ ಸಣ್ಣ ವರ್ಕ್‌ಶಾಪುಗಳ ಪೀಣ್ಯದ ಶೆಡ್ಡಿನಲ್ಲಿ ಅದೇ ಓದಿನ ಹುಡುಗ ಬೆಳಿಗ್ಗೆ ಲೇತಿನ ಮುಂದೆ ಇರುತ್ತಾನೆ, ಮಧ್ಯಾಹ್ನ ಗ್ರೈಂಡಿಂಗ್ ಮಾಡುತ್ತಾನೆ, ಸಂಜೆ ಬಿಲ್ಲು ಬರೆದು ಟೆಂಪೋ ಹತ್ತಿಸುತ್ತಾನೆ. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೆ ಐದು ವರ್ಷ ಕಳೆದರೆ ಇಡೀ ಕಸುಬು ಅವನ ಕೈಯಲ್ಲಿರುತ್ತದೆ.

ಸಾಫ್ಟ್‌ವೇರಿನವರು ನಗಬೇಡಿ, ನಿಮ್ಮದೂ ಇದೇ ಕಥೆ. ಒಂದೇ ಗಿರಾಕಿಯ ಒಂದೇ ಹಳೇ ಪ್ರೋಗ್ರಾಮಿಗೆ ತೇಪೆ ಹಾಕುತ್ತಾ ಟೀಮ್ ಲೀಡ್ ಆದವರು ಎಷ್ಟು ಜನರಿಲ್ಲ? ಬಿಟ್ಟು ಹೋಗೋಣ ಅಂದರೆ ತೊಂಬತ್ತು ದಿನದ ನೋಟಿಸ್ ಪೀರಿಯಡ್ಡು. ಅಷ್ಟು ದಿನ ಕಾಯಲು ಸಣ್ಣ ಕಂಪನಿಗೆ ಪುರುಸೊತ್ತಿಲ್ಲ.

ಕಂಪನಿ ಭದ್ರ ಅನ್ನುವುದಕ್ಕೂ ಒಂದು ಅವಧಿ ಇರುತ್ತದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ಮಾಡಲು ಶುರುಮಾಡಿತು. ಮುಂದೆ ಮದುವೆಗೂ ಅದೇ ವಾಚು, ನಿವೃತ್ತಿಗೂ ಅದೇ ವಾಚು. ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ಬಂತು, 1980ರ ದಶಕದಲ್ಲಿ ಟೈಟಾನ್ ಬಂತು. ತುಮಕೂರಿನವರೆಗೆ ಹಬ್ಬಿದ್ದ ಎಚ್‌ಎಂಟಿಯ ವಾಚು ಉದ್ಯಮವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಉಳಿದಿದ್ದ ನೌಕರರಿಗೆ ಸ್ವಯಂನಿವೃತ್ತಿ, ಅಂದರೆ ವಿಆರ್‌ಎಸ್. ಒಂದು ಗಳಿಗೆ ಯೋಚಿಸಿ: ವಾಚಿನ ಒಂದು ಬಿಡಿಭಾಗವನ್ನಷ್ಟೇ ಜೋಡಿಸಿ ಪಳಗಿದ ಬೆರಳಿಗೆ ಐವತ್ತನೇ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಈ ಮಾತನ್ನು ಕೋಲಾರದ ಚಿನ್ನದ ಗಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ.

ಹಾಗಂತ ದೊಡ್ಡ ಕಂಪನಿಗೆ ಸೇರಲೇಬೇಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಸಾಲ ಇದೆ, ಅಪ್ಪ ಅಮ್ಮನ ಔಷಧಿ ಖರ್ಚಿದೆ ಅಂದರೆ ಕಣ್ಣುಮುಚ್ಚಿ ಸೇರಿ. ಆದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆ ವಿಭಾಗಕ್ಕೆ ಹಾಕಿಸಿಕೊಳ್ಳಿ. ಮೇಲಿನವರಿಗೆ ಕಿರಿಕಿರಿಯಾದರೆ ಆಗಲಿ.

ಇನ್ನೊಂದು ಮಾತು, ಈಗ ಕೆಲಸಕ್ಕೆ ಸೇರುವ ಮಕ್ಕಳಿಗೆ. ಗೇಟಿನ ಮೇಲೆ ದೊಡ್ಡ ಕಂಪನಿಯ ಹೆಸರಿದ್ದ ಮಾತ್ರಕ್ಕೆ ನೀವು ಆ ಕಂಪನಿಯ ನೌಕರರು ಅಂತ ಲೆಕ್ಕವಲ್ಲ. ಒಂದೇ ಕ್ಯಾಂಟೀನಿನ ಸಾಲಿನಲ್ಲಿ ಐಡಿ ಕಾರ್ಡಿನ ಎರಡು ಬಣ್ಣದ ಕೊರಳಪಟ್ಟಿ ಕಾಣುತ್ತವೆ. ಒಂದು ಕಂಪನಿಯವರದು, ಇನ್ನೊಂದು ಗುತ್ತಿಗೆಯವರದು. ಕೆಲಸ ಒಂದೇ, ಆಸ್ಪತ್ರೆ ಬೇರೆ, ಬೋನಸ್ಸು ಬೇರೆ. ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಅಂಕಿಗೆ ಮೊದಲು ಕೆಳಗಿನ ಸಹಿ ನೋಡಿ. ಅಲ್ಲಿ ಕಂಟ್ರಾಕ್ಟರ್ ಹೆಸರಿದ್ದರೆ, ಪಿಎಫ್ ಯಾರ ಖಾತೆಯಿಂದ ಕಟ್ಟುತ್ತಾರೆ, ಕಂಟ್ರಾಕ್ಟರ್ ಬದಲಾದರೆ ಸರ್ವೀಸು ಮುಂದುವರಿಯುತ್ತದೆಯೇ, ಇವೆರಡನ್ನೂ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ‘ಆಗುತ್ತಪ್ಪಾ, ನೋಡೋಣ’ ಅಂದರೆ ಪೀಣ್ಯದ ಆ ಶೆಡ್ಡೇ ವಾಸಿ.

ನಮಸ್ಕಾರ.