ಬಾರಕೂರು, ಬಸ್ರೂರು: ಕೋಟೆ ಹುಡುಕಿಕೊಂಡು ಒಂದು ದಿನ

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಹೊರಟು, ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿ ಸೀತಾನದಿಯ ಸೇತುವೆ ದಾಟಿದರೆ ಬಾರಕೂರು. ಮಣಿಪಾಲದಲ್ಲಿ ವರ್ಷಗಟ್ಟಲೆ ಓದಿದವರೂ ಮಲ್ಪೆ ಬೀಚಿಗೆ ವಾರವಾರ ಹೋಗ್ತಾರೆ, ಈ ಕಡೆ ತಲೆ ಹಾಕುವುದಿಲ್ಲ. ಪೂರಾ ತಪ್ಪು ಅವರದ್ದೂ ಅಲ್ಲ. ಕೋಟೆ ಅಂದರೆ ನಮಗೆ ಚಿತ್ರದುರ್ಗದ ಹಾಗೆ ಎದ್ದು ನಿಂತಿರಬೇಕು.

ಈಗ ನೀವು ನೋಡ್ತಿರುವುದು ಕೋಟೆಕೇರಿ. ರಸ್ತೆಬದಿಯಲ್ಲಿ ದನ ಕಟ್ಟುತ್ತಿದ್ದ ಅಜ್ಜರ ಹತ್ತಿರ ಕೇಳಿದೆ: "ಅಜ್ಜ, ಕೋಟೆಗೆ ಯಾವ ಕಡೆ ಹೋಗಬೇಕು?" ಅವರು ನನ್ನ ಕ್ಯಾಮೆರಾ ನೋಡಿ ನಕ್ಕು, "ಕೋಟೆ ಎಂತ ಉಂಟು ಮಾರಾಯ್ರೆ, ಬರೀ ದಿಬ್ಬ. ಮುಂದೆ ಹೋಗಿ, ಕಾಣ್ತದೆ" ಅಂದರು.

ವಿಜಯನಗರದ ಹರಿಹರ ಕಟ್ಟಿಸಿದ್ದು ಅಂತ ಹೇಳುವ ಕೋಟೆ ಇದು. ಉಳಿದದ್ದು ಮಣ್ಣಿನ ದಿಬ್ಬ, ಕಂದಕದ ಗುರುತು, ಕಟ್ಟಡಗಳ ಪಾಯ. ಡ್ರೋನ್ ಶಾಟ್ ನೋಡಿ, ಬರೀ ಹಸಿರು. ಇಲ್ಲಿ ಡ್ರೋನ್ ದಂಡ, ಬಗ್ಗಿ ನೋಡಬೇಕು. ಈ ಮುರಕಲ್ಲು ನೋಡಿ, ಜಂಬಿಟ್ಟಿಗೆ ಅಂತಾರಲ್ಲ, ಅದೇ. ಮೈಯೆಲ್ಲ ತೂತು, ತೂತಿನೊಳಗೆ ಪಾಚಿ. ಒಂದು ಬದಿಯಲ್ಲಿ ಮಾತ್ರ ಓರೆ ಓರೆಯಾಗಿ ಕೆತ್ತಿದ ಗೀರುಗಳು ಇನ್ನೂ ಕೈಗೆ ಸಿಗುತ್ತವೆ. ನೆಲದಿಂದ ಕಡಿಯುವಾಗ ಈ ಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ಗೋಡೆಗೆ ಕಲ್ಲನ್ನು ದೂರದಿಂದ ಹೊತ್ತು ತರಬೇಕಾಗಿಲ್ಲ, ಕಾಲಡಿಯಲ್ಲೇ ಉಂಟು.

ತುಳುನಾಡನ್ನು ಶತಮಾನಗಟ್ಟಲೆ ಆಳಿದ ಆಳುಪರ ರಾಜಧಾನಿ ಬಾರಕೂರು. ವಿಜಯನಗರದವರು ಬಂದ ಮೇಲೆ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಮಾಡಿ, ಎರಡಕ್ಕೂ ಅಧಿಕಾರಿಗಳನ್ನು ಕೂರಿಸಿದರು. ಬಾರಕೂರು ಗದ್ಯಾಣ ಅಂತ ಊರಿನ ಹೆಸರಿನದೇ ನಾಣ್ಯ ಇತ್ತು. 14ನೇ ಶತಮಾನದಲ್ಲಿ ಈ ಕಡಲ ದಾರಿಯಲ್ಲಿ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ಫಾಕನೂರ್ ಅಂತ ಕರೆದು, ಇಲ್ಲಿಯ ಕಬ್ಬನ್ನು ಹೊಗಳಿದ್ದಾನೆ. ಪಕ್ಕದ ಬ್ರಹ್ಮಾವರದಲ್ಲಿ ನಮ್ಮ ಕಾಲದಲ್ಲೂ ಒಂದು ಸಕ್ಕರೆ ಕಾರ್ಖಾನೆ ಇತ್ತು. ಅದೂ ಮುಚ್ಚಿ ಹೋಯಿತು.

ನನ್ನ ಲೆಕ್ಕದಲ್ಲಿ ಇಲ್ಲಿಯ ನಿಜವಾದ ಕೋಟೆ ಅಂದರೆ ಈ ಕೇರಿಗಳೇ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಹೊಸಕೇರಿ: ಅರಮನೆ ಹೋಯಿತು, ಪಟ್ಟಣದ ನಕ್ಷೆ ಮಾತ್ರ ಮನೆ ವಿಳಾಸದಲ್ಲಿ ಉಳಿಯಿತು. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ಊರಿನ ಮಾತು. ನಾನು ಎಣಿಸಲು ಹೋಗಲಿಲ್ಲ. ಕೋಟೆಕೇರಿಯ ಪಂಚಲಿಂಗೇಶ್ವರವನ್ನು ಮಾತ್ರ ಬಿಡಬೇಡಿ. ಹಿಂದಕ್ಕೆ ಸುತ್ತಿ ಬನ್ನಿ, ಗೋಡೆ ಮೂಲೆಯಿಲ್ಲದೆ ಗುಂಡಗೆ ತಿರುಗುತ್ತದೆ. ಇದೇ ಗಜಪೃಷ್ಠ, ಅಂದರೆ ಆನೆಯ ಹಿಂಭಾಗದ ಆಕಾರ. ಕತ್ತಲೆ ಬಸದಿಯ ಅಂಗಳದಲ್ಲಿ ಮಧ್ಯಾಹ್ನ ನಾನೊಬ್ಬನೇ. ಇಳಿಜಾರಾಗಿ ಹೊದಿಸಿದ ಆ ಚಪ್ಪಡಿಗಳನ್ನು ನೋಡಿ, ಕಲ್ಲಿನಲ್ಲೇ ನಮ್ಮ ಮಳೆಗಾಲದ ಮಾಡು, ಅಂದರೆ ಛಾವಣಿ, ಕಟ್ಟಿಟ್ಟಿದ್ದಾರೆ.

ಬನ್ಸ್, ಚಾ ಮುಗಿಸಿ ಮತ್ತೆ ಹೆದ್ದಾರಿ. ಸಾಲಿಗ್ರಾಮ, ಕೋಟ ದಾಟಿ, ಕುಂದಾಪುರದ ಬಸ್ರೂರು ಮೂರುಕೈಯಲ್ಲಿ ಬಲಕ್ಕೆ. ಬಸ್ರೂರು ವಾರಾಹಿ ದಡದ ಹಳೇ ಬಂದರು. ಪೋರ್ಚುಗೀಸರು ಬಾರ್ಸೆಲೋರ್ ಅನ್ನುತ್ತಿದ್ದರು, ಇಲ್ಲಿಯ ಅಕ್ಕಿಯ ಮೇಲೆ ಅವರಿಗೆ ಕಣ್ಣು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಈ ಪೇಟೆಯನ್ನು ಲೂಟಿ ಮಾಡಿ, ಗೋಕರ್ಣದ ಕಡೆ ಹೋದ. ಅಷ್ಟು ದೂರದಿಂದ ಬರುವಷ್ಟು ದುಡ್ಡು ಈ ಊರಲ್ಲಿತ್ತು ಅಂತಾಯಿತು. ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅದನ್ನು ನಂಬುವುದೇ ಕಷ್ಟ.

ಇದು ಬಸ್ರೂರಿನ ತುಳುವೇಶ್ವರ ದೇವಸ್ಥಾನ. ಮರದ ಬೇರು ಇಳಿದು ಹಳೇ ಗೋಡೆಯನ್ನು ಹಿಡಿದುಕೊಂಡಿದೆ. ಬೇರು ತೆಗೆದರೆ ಗೋಡೆ ಬೀಳುತ್ತದೆ, ಬಿಟ್ಟರೆ ಕಲ್ಲು ಸಡಿಲವಾಗುತ್ತದೆ. ಸಿಮೆಂಟು ಮೆತ್ತುವುದು ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ನಿಮಗೆ ಬೇರೆ ಏನಾದರೂ ತೋಚಿದರೆ ಕೆಳಗೆ ಬರೆಯಿರಿ. ಹೋಗುವವರು ಮಳೆ ನಿಂತ ಮೇಲೆ ಹೋಗಿ, ಪಾಚಿ ಕಟ್ಟಿದ ಕಲ್ಲು ಭಯಂಕರ ಜಾರುತ್ತದೆ.