ಗ್ರಿಜ್ಲಿಗೆ ಹೊಸ ಚಕ್ರ, ಉದ್ದನೆಯ ಸ್ಟಡ್

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ನಾಲ್ಕು ಕಪ್ಪು ಅಲಾಯ್ ಚಕ್ರಗಳಿಗೆ ಇನ್ನೂ ಟೈರ್ ಏರಿಸಿಲ್ಲ. ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಚಕ್ರ ಹಬ್‌ನ (ಗಾಡಿಯಲ್ಲಿ ಚಕ್ರ ಕೂರುವ ತಿರುಗು ಭಾಗ) ಮೇಲೆ ಸರಿಯಾಗಿ ಕೂರುತ್ತದೆಯೇ, ಬ್ರೇಕಿಗೆ ತಾಗುತ್ತದೆಯೇ, ನಟ್ ಹಿಡಿದುಕೊಳ್ಳುವಷ್ಟು ಸ್ಟಡ್ (ಹಬ್‌ನಿಂದ ಚಾಚಿರುವ ಬೋಲ್ಟ್) ಹೊರಗೆ ಉಳಿಯುತ್ತದೆಯೇ ಎಂಬುದನ್ನೆಲ್ಲ ನೋಡಿದ ಮೇಲೆ ಟೈರಿನ ಮಾತು. ಒಮ್ಮೆ ಟೈರ್ ಕೂರಿಸಿದ ಚಕ್ರವನ್ನು ಸಾಮಾನ್ಯವಾಗಿ ಯಾವ ಅಂಗಡಿಯವರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನಿರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಪಕ್ಕದಲ್ಲಿ ಜಾಕ್ ಮೇಲೆ ನಿಂತಿರುವುದು ನನ್ನ ಯಮಹಾ ಗ್ರಿಜ್ಲಿ 700. ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ, ಕಾಡುಮೇಡು ಹತ್ತುವ ನಾಲ್ಕು ಚಕ್ರದ ಎಟಿವಿ. 686 ಸಿಸಿ ಎಂಜಿನ್, ನಾಲ್ಕೂ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್, ನಾಲ್ಕಕ್ಕೂ ಡಿಸ್ಕ್ ಬ್ರೇಕ್. 2007ರಲ್ಲಿ ಬಂದ ಈ ಮಾದರಿಯೇ ಎಟಿವಿಗಳಿಗೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ತಂದುಕೊಟ್ಟಿತು.

ನಮ್ಮ ಗುರಿ ಪೈಯೂಟ್ ಹಾದಿ. ಯೂಟಾದ ನಡುಭಾಗದಲ್ಲಿ, ಫಿಶ್‌ಲೇಕ್ ರಾಷ್ಟ್ರೀಯ ಅರಣ್ಯವನ್ನು ಬಳಸಿಕೊಂಡು ಸಾಗುವ ಎಟಿವಿ ಹಾದಿ ಇದು. ಮುಖ್ಯ ಸುತ್ತು ಒಂದೇ ಸುಮಾರು 275 ಮೈಲಿ, ಅಂದರೆ 440 ಕಿಲೋಮೀಟರ್. ಮೇರಿಸ್‌ವೇಲ್, ರಿಚ್‌ಫೀಲ್ಡ್‌ನಂತಹ ಊರುಗಳೊಳಗೇ ಹಾದುಹೋಗುವುದರಿಂದ ಎಟಿವಿಯಲ್ಲೇ ಪೆಟ್ರೋಲ್ ಬಂಕಿಗೆ ಹೋಗಬಹುದು, ಹೋಟೆಲಿಗೆ ಹೋಗಬಹುದು. ಆದರೆ ಊರು ದಾಟಿ ಟುಶರ್ ಬೆಟ್ಟಗಳನ್ನು ಹತ್ತಿದರೆ 10 ಸಾವಿರ ಅಡಿಗೂ ಮೇಲೆ ಹೋಗುತ್ತೇವೆ. ಅಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಚೂಪಾದ ಕಲ್ಲು, ಪಕ್ಕದಲ್ಲಿ ಇಳಿಜಾರು. ಅಂಥ ಜಾಗದಲ್ಲಿ ಚಕ್ರ ಕಳಚಿಕೊಂಡರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಈ ವೀಡಿಯೊದಲ್ಲಿ ಚಕ್ರದ ಅಂದಕ್ಕಿಂತ ಅದನ್ನು ಹಿಡಿದಿಡುವ ಹದಿನಾರು ಸ್ಟಡ್‌ಗಳ ಬಗ್ಗೆ ಹೆಚ್ಚು ಮಾತಾಡುವುದು ಅದಕ್ಕಾಗಿಯೇ.

ಮೊದಲು ಚಕ್ರದ ಆಯ್ಕೆ. ಗ್ರಿಜ್ಲಿಯ ಹಬ್‌ನಲ್ಲಿ ನಾಲ್ಕು ಸ್ಟಡ್‌ಗಳಿವೆ. ಎದುರುಬದುರಿನ ಎರಡು ಸ್ಟಡ್‌ಗಳ ನಡುಮಧ್ಯಗಳ ಅಂತರ 110 ಮಿಲಿಮೀಟರ್. ಅಂಗಡಿಯಲ್ಲಿ ಇದನ್ನು 4/110 ಎಂದು ಬರೆದಿರುತ್ತಾರೆ. ಹೋಂಡಾ, ಸುಜುಕಿಯ ಬಹುತೇಕ ದೊಡ್ಡ ಎಟಿವಿಗಳದ್ದೂ ಇದೇ ಅಳತೆ. ಪೋಲಾರಿಸ್ ಸ್ಪೋರ್ಟ್ಸ್‌ಮನ್‌ನದು 4/156, ಕ್ಯಾನ್-ಆ್ಯಮ್ ಔಟ್‌ಲ್ಯಾಂಡರ್‌ನದು 4/137. ಗೆಳೆಯರ ಗಾಡಿಯ ಚಕ್ರ ಚೆನ್ನಾಗಿದೆ ಎಂದು ಅದನ್ನೇ ತರಿಸಿಕೊಳ್ಳಲು ಬರುವುದಿಲ್ಲ.

ಎರಡನೆಯದು ಆಫ್‌ಸೆಟ್. ಚಕ್ರದ ಒಳಬದಿಗೆ ಕ್ಯಾಮೆರಾ ಹಿಡಿದಿದ್ದೇನೆ, 4+3 ಎಂಬ ಗುರುತು ನೋಡಿ. ಹಬ್‌ಗೆ ತಾಗುವ ಮುಖದಿಂದ ಒಳಕ್ಕೆ ನಾಲ್ಕು ಇಂಚು, ಹೊರಕ್ಕೆ ಮೂರು ಇಂಚು ಎಂದು ಇದರರ್ಥ. ಏಳು ಇಂಚು ಅಗಲದ ಚಕ್ರದಲ್ಲೇ 5+2 ಕೂಡ ಸಿಗುತ್ತದೆ. 5+2 ತೆಗೆದು 4+3 ಹಾಕಿದರೆ ಪ್ರತಿ ಚಕ್ರ ಒಂದು ಇಂಚು ಹೊರಕ್ಕೆ ಬರುತ್ತದೆ, ಗಾಡಿ ಒಟ್ಟು ಎರಡು ಇಂಚು ಅಗಲವಾಗುತ್ತದೆ. ಅಡ್ಡ ಇಳಿಜಾರಿನಲ್ಲಿ ಆ ಎರಡು ಇಂಚು ಕೊಡುವ ಧೈರ್ಯ ದೊಡ್ಡದು. ಆದರೆ ಇಲ್ಲಿನ ಅರಣ್ಯ ಇಲಾಖೆಯ ನಕ್ಷೆಗಳಲ್ಲಿ ಕೆಲವು ಹಾದಿಗಳಿಗೆ 50 ಇಂಚಿನ ಮಿತಿ ಇದೆ. ಅದಕ್ಕಿಂತ ಅಗಲದ ಗಾಡಿಗೆ ಆ ಹಾದಿ ಮುಚ್ಚಿದಂತೆಯೇ.

ನನ್ನ ಗ್ರಿಜ್ಲಿಯ ಮೂಲ ಅಗಲ 46.5 ಇಂಚು. ಎರಡು ಸೇರಿಸಿದರೆ 48.5. ಇದರ ಮೇಲೆ ಹಿಂದಿನ ಟೈರನ್ನೂ ಹತ್ತು ಇಂಚಿನಿಂದ ಹನ್ನೊಂದಕ್ಕೆ ಏರಿಸಿದರೆ ಎರಡೂ ಕಡೆ ಅರ್ಧರ್ಧ ಇಂಚು ಸೇರಿ 49.5 ಆಗುತ್ತದೆ. ಭಾರ ಬಿದ್ದಾಗ ಟೈರಿನ ಪಕ್ಕೆ ಉಬ್ಬುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿಯುವುದು ಏನೂ ಇಲ್ಲ. ಹಾಗಾಗಿ ಟೈರಿನ ಅಗಲವನ್ನು ಮೊದಲಿನಂತೆಯೇ ಇಟ್ಟು ಎತ್ತರ ಮಾತ್ರ ಒಂದು ಇಂಚು ಹೆಚ್ಚಿಸಿದ್ದೇನೆ: ಮುಂದೆ 26x8-12, ಹಿಂದೆ 26x10-12. ಇವು ಇಂಚಿನಲ್ಲಿ ಟೈರಿನ ಎತ್ತರ, ಅಗಲ, ಚಕ್ರದ ವ್ಯಾಸ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೈರಿಲ್ಲದ ಚಕ್ರವನ್ನು ಮುಂದಿನ ಹಬ್‌ಗೆ ಸಿಕ್ಕಿಸಿ ನೋಡುತ್ತಿದ್ದೇವೆ. ನಟ್ ತಿರುಗಿಸುತ್ತಿರುವುದು ನನ್ನ ತಮ್ಮ.

"ಅಣ್ಣಾ, ನಟ್ ಚೆನ್ನಾಗಿಯೇ ಕಚ್ಚಿದೆ. ಇಷ್ಟು ಸಾಲದೇ?"

"ಪೂರ್ತಿ ಬಿಚ್ಚು. ಮತ್ತೆ ಹಾಕುವಾಗ ಎಷ್ಟು ಸುತ್ತು ಬರುತ್ತದೆ ಎಂದು ಎಣಿಸು."

ಎಣಿಸಿದ. ಥ್ರೆಡ್ (ಸ್ಟಡ್‌ನ ಮೈಮೇಲಿನ ಸುರುಳಿ ಗೆರೆ) ಹಿಡಿದ ಕ್ಷಣದಿಂದ ನಟ್ ಚಕ್ರಕ್ಕೆ ಕೂರುವವರೆಗೆ ಐದೂವರೆ ಸುತ್ತು. ಈ ಸ್ಟಡ್‌ನ ಅಳತೆ 10x1.25. ದಪ್ಪ 10 ಮಿಲಿಮೀಟರ್, ಒಂದು ಸುತ್ತಿಗೆ ನಟ್ ಮುಂದೆ ಸಾಗುವುದು 1.25 ಮಿಲಿಮೀಟರ್. ಐದೂವರೆ ಸುತ್ತೆಂದರೆ ಏಳು ಮಿಲಿಮೀಟರೂ ಪೂರ್ತಿ ಇಲ್ಲ. ಮೆಕ್ಯಾನಿಕ್‌ಗಳು ಪಾಲಿಸುವ ಲೆಕ್ಕ ಸರಳವಾದದ್ದು: ಸ್ಟಡ್ ಎಷ್ಟು ದಪ್ಪವಿದೆಯೋ ಕನಿಷ್ಠ ಅಷ್ಟು ಉದ್ದದ ಥ್ರೆಡ್ ನಟ್‌ನೊಳಗೆ ಹೋಗಿರಬೇಕು. ಹತ್ತಕ್ಕೆ ಹತ್ತು, ಅಂದರೆ ಎಂಟು ಸುತ್ತು. 12x1.5 ಸ್ಟಡ್ ಇದ್ದರೂ ಲೆಕ್ಕ ಎಂಟಕ್ಕೇ ಬಂದು ನಿಲ್ಲುತ್ತದೆ.

ಹಳೆಯ ಚಕ್ರದಲ್ಲಿ ಇಲ್ಲದ ಕೊರತೆ ಇಲ್ಲಿ ಹೇಗೆ ಬಂತು? ಕಂಪನಿಯಿಂದ ಬಂದದ್ದು ಉಕ್ಕಿನ ಚಕ್ರ, ಸ್ಟಡ್ ತೂರುವ ಜಾಗದಲ್ಲಿ ತೆಳುವಾದ ತಗಡು. ಅಲ್ಯೂಮಿನಿಯಂ ಚಕ್ರಕ್ಕೆ ಅದೇ ಬಲ ಬರಬೇಕಾದರೆ ಅದೇ ಜಾಗದಲ್ಲಿ ಹೆಚ್ಚು ದಪ್ಪ ಬೇಕು. ಆ ದಪ್ಪ ಸ್ಟಡ್‌ನ ಉದ್ದವನ್ನು ನುಂಗಿಬಿಡುತ್ತದೆ. ಹೊರಗಿನಿಂದ ನೋಡಿದರೆ ನಟ್ ಬಿಗಿಯಾಗಿದೆ, ಎಲ್ಲವೂ ಸರಿ ಇದೆ. ಒಳಗೆ ಹಿಡಿತ ಅರೆಬರೆ. ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಲ್ಲಿ ಜೀಪಿಗೆ ಅಲಾಯ್ ಹಾಕಿಸುವವರೂ ದಯವಿಟ್ಟು ಈ ಸುತ್ತುಗಳನ್ನು ಎಣಿಸಿ. ಗಾಡಿ ಯಾವುದಾದರೂ ನಿಯಮ ಒಂದೇ.

ಚಕ್ರವನ್ನು ಸ್ಟಡ್ ಹೊತ್ತುಕೊಂಡಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ನಡೆಯುವುದು ಬೇರೆ. ನಟ್ ಬಿಗಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ, ಆ ಎಳೆತವೇ ಚಕ್ರವನ್ನು ಹಬ್‌ಗೆ ಅಮುಕಿ ಹಿಡಿಯುತ್ತದೆ. ಚಕ್ರಕ್ಕೂ ಹಬ್‌ಗೂ ನಡುವಿನ ಆ ಘರ್ಷಣೆಯೇ ಬ್ರೇಕಿನ, ಎಂಜಿನ್ನಿನ, ಕಲ್ಲಿನ ಹೊಡೆತದ ಬಲವನ್ನೆಲ್ಲ ತಡೆಯುತ್ತದೆ. ಬಿಗಿ ಸಡಿಲವಾದರೆ ಚಕ್ರ ಜರುಗತೊಡಗುತ್ತದೆ, ಪ್ರತಿ ಸುತ್ತಿಗೂ ಸ್ಟಡ್ ಒಂದಿಷ್ಟು ಬಾಗುತ್ತದೆ. ಹೀಗೆ ಬಾಗಿ ಬಾಗಿ ದಣಿದ ಲೋಹ ಮುರಿಯುತ್ತದೆ. ಅರ್ಧ ಥ್ರೆಡ್ ಹಿಡಿದ ನಟ್ ಬೇಕಾದ ಎಳೆತವನ್ನು ತಾಳದೆ ಥ್ರೆಡ್ಡನ್ನೇ ಕಿತ್ತುಕೊಂಡು ಬರಬಹುದು.

ಹಾಗಾದರೆ ಉದ್ದನೆಯ ಸ್ಟಡ್ ಬೇಕು. ಇಲ್ಲಿ ಉದ್ದ ಒಂದೇ ನೋಡಿದರೆ ಸಾಲದು. ಸ್ಟಡ್‌ನ ತಲೆಯ ಬುಡದಲ್ಲಿ ಸಣ್ಣ ಸಣ್ಣ ಹಲ್ಲುಗಳ ಪಟ್ಟಿ ಇದೆ, ಕ್ಯಾಮೆರಾ ಹತ್ತಿರ ತರುತ್ತೇನೆ. ಹಬ್‌ನ ರಂಧ್ರಕ್ಕಿಂತ ಇದು ಒಂದಿಷ್ಟೇ ದಪ್ಪ. ಕೊಡಲಿಯ ಕಣ್ಣಿಗೆ ಕಾವು ಬಿಗಿಯಾಗಿ ಕೂರುವಂತೆ ಈ ಹಲ್ಲುಗಳು ರಂಧ್ರದ ಗೋಡೆಯನ್ನು ಕಚ್ಚಿ ಕೂರಬೇಕು. ಸಣ್ಣದಾದರೆ ನಟ್ ಜೊತೆ ಸ್ಟಡ್ ಕೂಡ ಸುತ್ತುತ್ತದೆ, ಬಿಚ್ಚುವುದಕ್ಕೂ ಆಗುವುದಿಲ್ಲ, ಬಿಗಿಯುವುದಕ್ಕೂ ಆಗುವುದಿಲ್ಲ. ದಪ್ಪವಾದರೆ ಹಬ್ ಸೀಳುತ್ತದೆ. ಆದ್ದರಿಂದ ಒಂದು ಹಳೆಯ ಸ್ಟಡ್ ತೆಗೆದು ವರ್ನಿಯರ್ ಕ್ಯಾಲಿಪರ್‌ನಿಂದ ಹಲ್ಲುಪಟ್ಟಿಯ ದಪ್ಪ, ತಲೆಯ ದಪ್ಪ, ಥ್ರೆಡ್ ಮೂರನ್ನೂ ಅಳೆದು ಅದಕ್ಕೆ ಹೊಂದುವುದನ್ನೇ ತರಿಸಿದೆ. ಉದ್ದ ಮಾತ್ರ 10 ಮಿಲಿಮೀಟರ್ ಹೆಚ್ಚು. ತಲೆಯ ಮೇಲೆ 10.9 ಎಂಬ ಗುರುತಿದೆ. ಅದು ಉಕ್ಕಿನ ಬಲದ ದರ್ಜೆ. ಗುರುತೇ ಇಲ್ಲದ ಸ್ಟಡ್ ಅಗ್ಗಕ್ಕೆ ಸಿಗುತ್ತದೆ, ನಾನು ಮುಟ್ಟುವುದಿಲ್ಲ.

ಇನ್ನು ಬಿಚ್ಚುವ ಕೆಲಸ. ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ತೆಗೆದು ತಂತಿಯಲ್ಲಿ ಕಟ್ಟಿ ಮೇಲೆ ಇಟ್ಟಿದ್ದೇನೆ. ಅದರ ಭಾರವನ್ನು ಬ್ರೇಕ್ ಹೋಸ್ ಹೊರಬಾರದು. ಸ್ಪ್ಲಿಟ್ ಪಿನ್ ಎಳೆದು ಆಕ್ಸಲ್ ನಟ್ ಬಿಚ್ಚಿದರೆ ಹಬ್ ಜಾರಿ ಹೊರಬರುತ್ತದೆ. ಡಿಸ್ಕನ್ನು ಹಬ್‌ನಿಂದ ಬೇರೆ ಮಾಡಬೇಕು, ಡಿಸ್ಕ್ ಸಮೇತ ಒತ್ತಿದರೆ ಅದು ಬಾಗುವ ಭಯವಿದೆ. ಹಬ್ ಕಳಚದೆಯೇ ಸುತ್ತಿಗೆಯಿಂದ ಹೊಡೆದು ಸ್ಟಡ್ ತೆಗೆಯುವವರನ್ನು ನೋಡಿದ್ದೇನೆ. ಆ ಹೊಡೆತವೆಲ್ಲ ಬೀಳುವುದು ಬೇರಿಂಗಿನ ಮೇಲೆ.

ನಾವು ಹೈಡ್ರಾಲಿಕ್ ಪ್ರೆಸ್ ಬಳಸುತ್ತಿದ್ದೇವೆ. ಹಬ್‌ನ ಕೆಳಗೆ, ಸ್ಟಡ್ ಇಳಿಯಬೇಕಾದ ಜಾಗದ ಸುತ್ತ ಮಾತ್ರ ಆಸರೆ ಬರುವಂತೆ ದೊಡ್ಡ ಸಾಕೆಟ್ ಇಟ್ಟಿದ್ದೇವೆ. ಮೊದಲು ಏನೂ ಆಗುವುದಿಲ್ಲ, ಆಮೇಲೆ ಟಪ್ ಎಂದು ಸ್ಟಡ್ ಬಿಡುತ್ತದೆ. ಹೊಸದನ್ನು ಒತ್ತುವಾಗ ಹಲ್ಲುಗಳನ್ನು ಹಳೆಯ ಗೀರುಗಳ ಸಾಲಿಗೇ ಹೊಂದಿಸಿ, ನೇರವಾಗಿ ನಿಂತಿದೆಯೇ ಎಂದು ಎರಡು ದಿಕ್ಕಿನಿಂದ ನೋಡಿ, ನಿಧಾನವಾಗಿ ಒತ್ತಬೇಕು. ತಲೆ ಹಬ್‌ನ ಹಿಂಬದಿಗೆ ಸಂದಿಲ್ಲದೆ ಕೂರಬೇಕು. ಪ್ರೆಸ್ ಇಲ್ಲದಿದ್ದರೆ ಒಂದಿಷ್ಟು ವಾಷರ್ ಪೇರಿಸಿ, ನಡುವೆ ಗ್ರೀಸ್ ಹಚ್ಚಿ, ಬೇರೊಂದು ನಟ್ ತಿರುಗಿಸಿ ಸ್ಟಡ್ಡನ್ನು ಒಳಕ್ಕೆ ಎಳೆದುಕೊಳ್ಳಬಹುದು. ಆ ನಟ್ಟನ್ನು ಮತ್ತೆ ಚಕ್ರಕ್ಕೆ ಬಳಸಬೇಡಿ, ಅದರ ಥ್ರೆಡ್ ಆಗಲೇ ಬಹಳ ಸಹಿಸಿರುತ್ತದೆ.

ಹದಿನಾರೂ ಕೂತವು. ಹಬ್‌ಗಳು ವಾಪಸು ಸೇರಿದವು, ಸ್ಪ್ಲಿಟ್ ಪಿನ್‌ಗಳು ಹೊಸವು. ಹಬ್‌ಗಳನ್ನು ಕೈಯಲ್ಲಿ ಸುತ್ತಿಸಿ, ಸ್ಟಡ್‌ನ ತಲೆ ಹಿಂಬದಿಯಲ್ಲಿ ಯಾವುದಕ್ಕೂ ತಾಗುತ್ತಿಲ್ಲ ಎಂದು ನೋಡಿಕೊಂಡೆವು.

ನಟ್ ಬಗ್ಗೆ ಎರಡು ಮಾತು. ಈ ಚಕ್ರದ ರಂಧ್ರದ ಬಾಯಿ ಆಲಿಕೆಯಂತೆ ಇಳಿಜಾರಾಗಿದೆ, ಆದ್ದರಿಂದ ನಟ್ ಕೂಡ ಮೊನೆ ಕಿರಿದಾದದ್ದೇ ಆಗಬೇಕು. ಆ ಇಳಿಜಾರೇ ಚಕ್ರವನ್ನು ನಡುಮಧ್ಯಕ್ಕೆ ತರುತ್ತದೆ. ಚಪ್ಪಟೆ ನಟ್ ಹಾಕಿದರೆ ಅಂಚು ಮಾತ್ರ ತಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಇನ್ನೊಂದು, ಉದ್ದನೆಯ ಸ್ಟಡ್‌ಗೆ ತಲೆ ಮುಚ್ಚಿದ ಹೊಳಪಿನ ನಟ್ ಅಪಾಯಕಾರಿ. ಸ್ಟಡ್‌ನ ತುದಿ ನಟ್‌ನ ಒಳಗಿನ ಮುಚ್ಚಳಕ್ಕೆ ತಾಗಿ ನಿಂತರೆ, ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಕ್ಲಿಕ್ ಎನ್ನುತ್ತದೆ, ಆದರೆ ಚಕ್ರ ಅಮುಕಿರುವುದಿಲ್ಲ. ನಾನು ಎರಡೂ ಬದಿ ತೆರೆದ ನಟ್ ಹಾಕಿದ್ದೇನೆ. ಸ್ಟಡ್‌ನ ತುದಿ ಹೊರಗೆ ಕಾಣುತ್ತದೆ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಹಿಡಿತ ಎಷ್ಟಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಚಕ್ರದ ಹಿಂಬದಿ ಹಬ್‌ಗೆ ತಾಗುವ ಜಾಗದಲ್ಲಿ ಬಣ್ಣ ದಪ್ಪಗಿತ್ತು. ಅದನ್ನು ತೆಳುವಾಗಿ ಉಜ್ಜಿ ತೆಗೆದೆ. ನಡುವೆ ಸಿಕ್ಕಿದ ಬಣ್ಣ ಭಾರಕ್ಕೆ ಅಪ್ಪಚ್ಚಿಯಾದರೆ ಸ್ಟಡ್‌ನ ಎಳೆತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಥ್ರೆಡ್‌ಗೆ ಎಣ್ಣೆ ಹಚ್ಚಲಿಲ್ಲ. ಎಣ್ಣೆ ಇದ್ದರೆ ಅದೇ ಟಾರ್ಕ್‌ಗೆ, ಅಂದರೆ ಅದೇ ತಿರುಚುಬಲಕ್ಕೆ, ಎಳೆತ ಹೆಚ್ಚಾಗಿ ಸ್ಟಡ್ ಮಿತಿ ಮೀರಿ ಹಿಗ್ಗಬಹುದು. ಗ್ರಿಜ್ಲಿಯ ಕೈಪಿಡಿ ಹೇಳುವುದು 55 ನ್ಯೂಟನ್ ಮೀಟರ್. ಕೈಯಿಂದ ನಾಲ್ಕೂ ನಟ್ ಕೂರಿಸಿ, ಎದುರುಬದುರು ಜೋಡಿಯಾಗಿ, ಮೊದಲು ಅರ್ಧ ಬಿಗಿ, ಆಮೇಲೆ ಪೂರ್ತಿ. ನಟ್ ಬಿಗಿಯುವ ಯಂತ್ರವಾದ ಇಂಪ್ಯಾಕ್ಟ್ ಗನ್ ಈ ದಿನ ಗೋಡೆಯ ಮೇಲೆಯೇ ಇರಲಿ.

ಚಕ್ರಕ್ಕೂ ಹಬ್‌ಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿದ್ದರೆ ಇಷ್ಟೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ಉದ್ದನೆಯ ಸ್ಟಡ್ ಇದ್ದಲ್ಲಿ ತೆಳುವಾದ ಸ್ಪೇಸರ್ ತೂರಿಸುವುದು ಸುಲಭವೇ. ಆದರೆ ಸ್ಪೇಸರ್ ಸೇರಿದರೆ ಅಮುಕಿ ಹಿಡಿಯಬೇಕಾದ ಮುಖಗಳು ಒಂದರ ಬದಲು ಎರಡು ಜೋಡಿಯಾಗುತ್ತವೆ, ಗಳಿಸಿದ ಥ್ರೆಡ್ ಕೂಡ ಮತ್ತೆ ಕರಗುತ್ತದೆ. ಅಗಲ ಬೇಕಾದರೆ ಚಕ್ರದ ಆಫ್‌ಸೆಟ್‌ನಿಂದಲೇ ಪಡೆಯಿರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆ ಪಡೆದರೂ ಬೇರಿಂಗ್, ಬಾಲ್ ಜಾಯಿಂಟ್‌ಗಳಿಗೆ ಹೆಚ್ಚಿನ ಭಾರ ತಪ್ಪಿದ್ದಲ್ಲ. ಪವರ್ ಸ್ಟೀರಿಂಗ್ ಇರುವುದರಿಂದ ಕೈಗೆ ಅದು ತಿಳಿಯುವುದಿಲ್ಲ, ಅದಕ್ಕೇ ಆಗಾಗ ಚಕ್ರ ಅಲ್ಲಾಡಿಸಿ ನೋಡುತ್ತಿರಬೇಕು. ಟೈರ್ 25ರಿಂದ 26 ಇಂಚಾಗಿರುವುದರಿಂದ ಸ್ಪೀಡೋಮೀಟರ್ ಕೂಡ ಶೇಕಡ 4ರಷ್ಟು ಕಡಿಮೆ ತೋರಿಸುತ್ತದೆ. ಅದು 50 ಎಂದರೆ ನಾವು 52ರಲ್ಲಿರುತ್ತೇವೆ.

ಈಗ ಮೇರಿಸ್‌ವೇಲ್. ಮುಂದೆ ನನ್ನ ಗ್ರಿಜ್ಲಿ, ಹಿಂದೆ ತಮ್ಮನ ಬಾಡಿಗೆ ಗಾಡಿ. ಮೊದಲ ಏರು ಮುಗಿದ ಕೂಡಲೇ ನಿಲ್ಲಿಸಿದ್ದೇವೆ. ಟಾರ್ಕ್ ವ್ರೆಂಚ್ ಹಿಡಿದು ಹದಿನಾರೂ ನಟ್ ಮತ್ತೆ ನೋಡುತ್ತಿದ್ದೇನೆ. ಮುಂದಿನ ಎಡಚಕ್ರದಲ್ಲಿ ಎರಡು ನಟ್ ಒಂದಿಷ್ಟು ತಿರುಗಿದವು. ಹೊಸ ಮುಖಗಳು ಒಂದಕ್ಕೊಂದು ಒಗ್ಗುವಾಗ ಹೀಗಾಗುವುದು ಸಹಜ, ಈ ಪರೀಕ್ಷೆ ಇರುವುದೇ ಅದಕ್ಕಾಗಿ. ಸಂಜೆ ಊರಿಗೆ ಇಳಿದ ಮೇಲೆ ಇನ್ನೊಮ್ಮೆ ನೋಡಿದಾಗ ಒಂದೂ ಕದಲಲಿಲ್ಲ.

ಹಳೆಯ ಉಕ್ಕಿನ ಚಕ್ರಗಳನ್ನು ಮಾರುತ್ತಿಲ್ಲ. ಚಳಿಗಾಲದಲ್ಲಿ ಮನೆಯ ಮುಂದಿನ ಹಿಮ ತಳ್ಳಲು ಅವು ಬೇಕು. ಆದರೆ ಅವು ತೆಳುವಾಗಿರುವುದರಿಂದ ಹೊಸ ಸ್ಟಡ್ ಇನ್ನೂ ಹೆಚ್ಚು ಹೊರಚಾಚುತ್ತದೆ. ನಟ್ ಸ್ಟಡ್‌ನ ಥ್ರೆಡ್ ಇರುವ ಭಾಗದಲ್ಲೇ ಬಿಗಿಯಾಗುತ್ತದೆಯೇ, ಬುಡದ ಥ್ರೆಡ್ಡಿಲ್ಲದ ಭಾಗಕ್ಕೆ ಹೋಗಿ ತಡೆದು ನಿಲ್ಲುತ್ತದೆಯೇ ಎಂದು ಮೊದಲ ಹಿಮ ಬೀಳುವ ಮುಂಚೆ ಒಂದು ಚಕ್ರ ಸಿಕ್ಕಿಸಿ ನೋಡುತ್ತೇನೆ, ಅದನ್ನೂ ನಿಮಗೆ ತೋರಿಸುತ್ತೇನೆ.